ಸೋತವರು ಎಲ್‌ಎಎಕ್ಸಿಗೆ

ನಿತ್ಯಾನಂದನ ಆ ಶನಿವಾರ ಹಾಳಾಗಲು ಕಾರಣ ಅವನ ನಾಲಿಗೆಯೇ. ಶುಕ್ರವಾರ ಸಂಜೆ ಸ್ಯಾನ್ ಡಿಯೇಗೋದ ಫೋರ್ ಎಸ್ ರ‍್ಯಾಂಚ್ ಬಡಾವಣೆಯ ತನ್ನ ಮನೆಯ ಗರಾಜಿನ ಮುಂದೆ, ಕಸದ ಡಬ್ಬಿಗೆ ಕೈಯೂರಿ ನಿಂತಿದ್ದವನು ಎದುರುಮನೆಯ ನಿಯಾಜನಿಗೆ, "ಸೋತವರು ಎರಡೂ ಟ್ರಿಪ್, ಆಯ್ತಾ?" ಎಂದುಬಿಟ್ಟ.

ಟ್ರಿಪ್ ಎಂದರೆ ಲಾಸ್ ಏಂಜಲಿಸ್ ವಿಮಾನ ನಿಲ್ದಾಣಕ್ಕೆ, ಅಂದರೆ ಎಲ್‌ಎಎಕ್ಸಿಗೆ ಹೋಗಿ, ಊರಿನಿಂದ ಬಂದವರನ್ನು ಕರೆತರುವುದು. ಸ್ಯಾನ್ ಡಿಯೇಗೋದಲ್ಲಿ ಸಂಸಾರ ಹೂಡಿದ ನಮ್ಮವರಿಗೆ ಅದು ತಪ್ಪಿದ್ದಲ್ಲ. ಸಮುದ್ರ, ಹವೆ, ಶಾಲೆ ಎಲ್ಲ ಚೆನ್ನಾಗಿವೆ; ಆದರೆ ಅತ್ತೆ, ಮಾವ, ದೊಡ್ಡಪ್ಪ ಯಾರೇ ಬರಲಿ, ಇಳಿಯುವುದು ಮಾತ್ರ ಎಲ್‌ಎಎಕ್ಸಿನಲ್ಲಿ. ಫ್ರೀವೇ ಮೇಲೆ ಕಾರುಗಳು ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕಾದವರಂತೆ ಒಂದರ ಹಿಂದೊಂದು ನಿಂತಿರುತ್ತವೆ. ನಿತ್ಯಾನಂದನಿಗಂತೂ ಆ ದಾರಿ ಎಂದೂ ಒಲಿದಿರಲಿಲ್ಲ. ಹಿಂದಿನ ಸಲ ಎಕ್ಸಿಟ್ ತಪ್ಪಿ ಬರ್ಬ್ಯಾಂಕ್ ಸೇರಿ, ಯಾವುದೋ ಸಿನಿಮಾ ಸ್ಟುಡಿಯೋದ ಗೇಟಿನಲ್ಲಿ ನಿಂತು, ಸಿಂಗಾಪುರದ ವಿಮಾನ ಎಲ್ಲಿ ಬರುತ್ತದೆ ಎಂದು ವಿಚಾರಿಸಿದ ಮಹಾನುಭಾವ ಅವನು.

ಹಾಗಾಗಿ ಅವನೂ ನಿಯಾಜನೂ ದುಡ್ಡಿನ ಪಂಥ ಕಟ್ಟುತ್ತಿರಲಿಲ್ಲ, ಎಲ್‌ಎಎಕ್ಸ್ ಕಟ್ಟುತ್ತಿದ್ದರು. 2005ರ ಆ ಜೂನಿನಲ್ಲಿ ಎರಡು ಸವಾರಿಗಳು ಕಾದಿದ್ದವು. ಭಾನುವಾರ ನಿತ್ಯಾನಂದನ ಅತ್ತೆ ಅರುಂಧತಿಯಮ್ಮ ಉಡುಪಿಯಿಂದ; ಮುಂದಿನ ವಾರ ನಿಯಾಜನ ಮಾವ ಶಾದಾಬ್ ಸಾಹೇಬರು ಮೈಸೂರಿನಿಂದ. ಲಂಡನ್ನಿನಲ್ಲಿ ವಿಂಬಲ್ಡನ್ ಶುರುವಾಗಿ ಮೊದಲ ವಾರ ನಡೆದಿತ್ತು.

ಇಬ್ಬರೂ ಫೈನಲ್ ಮೇಲೆ ಪಂಥ ಕಟ್ಟುವವರಲ್ಲ. "ಫೈನಲ್ ಯಾರ್ ಗೆಲ್ತಾರೆ ಅಂತ ಟೆನಿಸ್ ನೋಡದವರೂ ಹೇಳ್ತಾರೆ ನಿತ್ಯಣ್ಣ, ಮಜಾ ಇರೋದು ಮೊದಲನೇ ವಾರದಲ್ಲೇ" ಎಂಬುದು ನಿಯಾಜನ ಸಿದ್ಧಾಂತ. ಹುಲ್ಲು ಇನ್ನೂ ಹಸಿಯಾಗಿ ಜಾರುತ್ತಿರುವ ಆ ದಿನಗಳಲ್ಲೇ ಹೆಸರಿಲ್ಲದವನೊಬ್ಬ ಹೆಸರಿದ್ದವನನ್ನು ಕೆಡವುವುದು. ಶನಿವಾರದ ಮೂರನೇ ಸುತ್ತಿನಲ್ಲಿ ಹೆಸರಿದ್ದವನೊಬ್ಬನಿಗೆ ಉದ್ದ ಮೂಗಿನ ಹೊಸ ಹುಡುಗನೊಬ್ಬ ಎದುರಾಗಿದ್ದ. ನಿಯಾಜ್ ಹೆಸರಿನ ಪಕ್ಷ, ನಿತ್ಯಾನಂದ ಮೂಗಿನ ಪಕ್ಷ. ಅದೇ ದಿನ ಎಡಗೈಯಲ್ಲಿ ಆಡುವ ಇನ್ನೊಬ್ಬನ ಆಟವೂ ಇತ್ತು; ಆ ಎಡಚ ಸೋಲುವವನೇ ಅಲ್ಲವೆಂದು ಅದರ ಮೇಲೆ ಯಾರೂ ಪಂಥ ಕಟ್ಟಲಿಲ್ಲ. ಅಲ್ಲಿ ಆಟ ನಡೆಯುವಾಗ ಇಲ್ಲಿ ಬೆಳಗಿನ ಜಾವ, ನಿಯಾಜನಿಗೆ ಪಕ್ಕದ ಊರು ಪೊವೇಯ ಕಾರ್ಖಾನೆಯಲ್ಲಿ ಶನಿವಾರದ ಪಾಳಿ. ಆದ್ದರಿಂದ ವಿಸಿಆರ್‌ನಲ್ಲಿ ಟೇಪ್ ಮಾಡಿಟ್ಟು, ಮಧ್ಯಾಹ್ನ ಮೂರಕ್ಕೆ ನಿಯಾಜನ ಮನೆಯಲ್ಲಿ ಕೂತು ನೋಡುವುದೆಂದಾಯಿತು.

ಅದಕ್ಕೊಂದು ಕಾನೂನಿತ್ತು. ಆಟ ನೋಡಿ ಮುಗಿಸುವ ಮೊದಲೇ ಫಲಿತಾಂಶ ತಿಳಿದುಕೊಂಡವನು ಸೋತಂತೆ. ಎಲ್ಲಿಂದ ತಿಳಿಯಿತು, ಯಾಕೆ ತಿಳಿಯಿತು ಎಂಬ ವಕಾಲತ್ತಿಗೆ ಅವಕಾಶವಿಲ್ಲ.

ಈ ಕಾನೂನು ಅರುಂಧತಿಯಮ್ಮನದೇ. ನಿತ್ಯಾನಂದ ಕಾಲೇಜು ಹುಡುಗನಾಗಿದ್ದಾಗ ಅವರ ಓಣಿಗೆಲ್ಲ ಇದ್ದದ್ದು ಒಂದೇ ಟಿವಿ, ಅದು ಇದ್ದದ್ದು ಅರುಂಧತಿಯಮ್ಮನ ಜಗಲಿಯಲ್ಲಿ. ಮೊದಲ ಸುತ್ತುಗಳ ಆಟ ಮರುದಿನ ಸಂಜೆ ತುಣುಕು ತುಣುಕಾಗಿ ಬರುತ್ತಿತ್ತು. ಓಣಿಯ ಹುಡುಗರು ಚಾಪೆಯ ಮೇಲೆ ಒತ್ತಿಕೊಂಡು ಕೂತರೆ, ಅರುಂಧತಿಯಮ್ಮ ಮಜ್ಜಿಗೆ ನೀರಿನ ಲೋಟ ಹಂಚಿ, "ಯಾರು ಗೆಲ್ಲುದು ಹೇಳಿ ನೋಡುವ" ಎಂದು ಪಂಥಕ್ಕೆ ಎಳೆಯುತ್ತಿದ್ದರು. ಸೋತವರು ಬಾವಿಯಿಂದ ನೀರು ಸೇದಿ ಹಂಡೆ ತುಂಬಬೇಕು. ರೇಡಿಯೋದಲ್ಲಿ ಕೇಳಿಕೊಂಡು ಬರುವ ಕಳ್ಳರಿರಬಹುದೆಂದು ಅವರೇ ಆ ಕಾನೂನು ಮಾಡಿದ್ದು. ಅರುಂಧತಿಯಮ್ಮ ಸೋತದ್ದನ್ನು ಕಂಡವರಿಲ್ಲ. ನಿತ್ಯಾನಂದ ಸೋತಷ್ಟು ಯಾರೂ ಸೋತಿಲ್ಲ. ಅವನು ಹಗ್ಗ ಎಳೆಯುವಾಗ ಅವರ ಮಗಳು ವನಜಾಕ್ಷಿ ಕೊಡ ಹಿಡಿದು ಬಾವಿಕಟ್ಟೆಯಲ್ಲಿ ನಿಂತಿರುತ್ತಿದ್ದಳು. ರಾಟೆಯ ಕಿರುಗುಟ್ಟುವ ಸದ್ದು, ತೋಯ್ದ ಹಗ್ಗದ ವಾಸನೆ, ಅವಳ ತಡೆದ ನಗು, ಇವೊಂದನ್ನೂ ಅವನು ಈಗಲೂ ಮರೆತಿರಲಿಲ್ಲ. ಸೋತು ಸೋತು ಮದುವೆಯಾದ ಗಂಡಸು ಅವನೊಬ್ಬನೇ ಇರಬೇಕು.

ಅತ್ತೆ ಬರುವುದು ಭಾನುವಾರ ಎಂದು ಲೆಕ್ಕ ಹಾಕಿದವನೂ ಅವನೇ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಸಿಂಗಾಪುರದ ಮೇಲೆ, ಒಟ್ಟು ಇಪ್ಪತ್ತಾರು ಗಂಟೆಯ ಪ್ರಯಾಣ ಎಂದು ಭಾವಮೈದುನ ಫೋನಿನಲ್ಲಿ ಹೇಳಿದ್ದ. ಇವನು ಬೆರಳು ಮಡಚಿ ಗಂಟೆ ಕೂಡಿಸಿ, ಭಾನುವಾರ ಎಂದು ಘೋಷಿಸಿದ. ಎಂಜಿನಿಯರ್ ಗಂಡನ ಲೆಕ್ಕ ಎಂದು ವನಜಾಕ್ಷಿ ನಂಬಿದಳು.

ಶನಿವಾರ ಬೆಳಿಗ್ಗೆ ವನಜಾಕ್ಷಿ ನಿಯಾಜನ ಹೆಂಡತಿ ರಯೀಸಾಳ ಜೊತೆ ಲಾಸ್ ಏಂಜಲಿಸ್ ಕಡೆಯ ಆರ್ಟೀಶಿಯಾಕ್ಕೆ ಹೊರಟಳು. ಅಮ್ಮನಿಗೆ ಬೇಕಾಗುವ ತೊಂಡೆಕಾಯಿ, ಕೆಂಪಕ್ಕಿ ಸಿಗುವುದು ಅಲ್ಲೇ. ಕಾರು ತಿರುವು ದಾಟಿದ್ದೇ ತಡ, ನಿತ್ಯಾನಂದ ಮನೆಯ ಫೋನಿನ ವೈರು ಕಿತ್ತ. ಮೊಬೈಲ್ ಆಫ್ ಮಾಡಿದ. ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿದ. ಇನ್ನು ಮೂರು ಗಂಟೆಯ ತನಕ ಲಂಡನ್ನಿನ ಸುದ್ದಿ ತನ್ನ ಹೊಸ್ತಿಲು ದಾಟದು ಎಂದು ನೆಮ್ಮದಿಯಾಗಿ ಒಗ್ಗರಣೆ ಅವಲಕ್ಕಿ ತಿಂದ.

ಮಧ್ಯಾಹ್ನ ಎರಡರ ಸುಮಾರಿಗೆ ಮೊಸರು ತರಲು ಬಾಗಿಲು ತೆರೆದರೆ, ಎದುರಿಗೆ ಹಾಲಪ್ಪನವರು ಏದುಸಿರು ಬಿಡುತ್ತ ಬರುತ್ತಿದ್ದರು. ಧಾರವಾಡ ಕಡೆಯವರು, ಎರಡು ಮನೆ ಆಚೆ. ಹೋದ ವರ್ಷ ಇದೇ ಹಾಲಪ್ಪನವರು ಬೇಲಿಯಾಚೆಯಿಂದ, "ಮುಗೀತ್ರಿ, ನಿಮ್ಮಾಂವ ಸೋತ" ಎಂದು ಒದರಿ, ನಿತ್ಯಾನಂದನನ್ನು ಒಂದು ಎಲ್‌ಎಎಕ್ಸಿಗೆ ಅಟ್ಟಿದ್ದರು.

"ನಿತ್ಯಾನಂದರ, ನಿಂದರ್ರಿ. ಒಂದ್ ಸುದ್ದಿ ಐತಿ."

"ಬೇಡ ಹಾಲಪ್ಪನವರೇ. ಸಂಜೆ ಹೇಳಿ."

"ಸಂಜಿಗಂದ್ರ ತಡಾ ಆಕ್ಕೈತ್ರಿ. ಈಗಷ್ಟ ಫೋನ್ ಬಂದಿತ್ತು…"

ನಿತ್ಯಾನಂದ ಎರಡೂ ಕಿವಿಗೆ ಬೆರಳು ತುರುಕಿ, ಬಾಯಲ್ಲಿ ಗಟ್ಟಿಯಾಗಿ ಮಗ್ಗಿ ಹೇಳುತ್ತ ಪಕ್ಕದ ಮನೆಯ ಹುಲ್ಲುಹಾಸಿನ ಮೇಲೆ ಓಡಿದ. ಅದೇ ಹೊತ್ತಿಗೆ ಅಲ್ಲಿಯ ಸ್ಪ್ರಿಂಕ್ಲರ್‌ಗಳು ಎದ್ದವು. ವಿಂಬಲ್ಡನ್ನಿನ ಆಟಗಾರರಷ್ಟೇ ಸಲೀಸಾಗಿ ಅವನೂ ಹುಲ್ಲಿನ ಮೇಲೆ ಜಾರಿ ಬಿದ್ದ. ಎದ್ದು, ಒದ್ದೆ ಪ್ಯಾಂಟಿನಲ್ಲೇ ಕಾರು ಹತ್ತಿ ಹೊರಟ. ಕನ್ನಡಿಯಲ್ಲಿ ನೋಡಿದರೆ ಹಾಲಪ್ಪನವರೂ ತಮ್ಮ ಕಾರು ತೆಗೆಯುತ್ತಿದ್ದರು.

ಪೊವೇಯ ಅಂಗಡಿಯ ಪಾರ್ಕಿಂಗಿನಲ್ಲಿ ಹಾಲಪ್ಪನವರು ಹಿಡಿದೇಬಿಟ್ಟರು ಅನ್ನುವಷ್ಟರಲ್ಲಿ, ಅವನು ಪಕ್ಕದ ಆಟೋಮ್ಯಾಟಿಕ್ ಕಾರ್ ವಾಶಿಗೆ ನುಗ್ಗಿದ. ಒಳಗೆ ಹೋದರೆ ಹಿಂದೆ ಬರಲಾರರು ಎಂಬುದು ಯೋಚನೆ. ಹಾಲಪ್ಪನವರು ಬಾಗಿಲಲ್ಲಿ ನಿಂತು ಕಿಟಕಿಯತ್ತ ಕೈ ತೋರಿಸಿ ತೋರಿಸಿ ಏನೋ ಕೂಗುತ್ತಿದ್ದರು. ಇವನು ಮುಖ ತಿರುಗಿಸಿ ಹದಿನೇಳರ ಮಗ್ಗಿ ಮುಂದುವರಿಸಿದ. ಹಿಂದಿನ ಕಿಟಕಿಯ ಗಾಜು ಇಳಿದೇ ಇತ್ತು ಎಂಬುದು ಸೋಪಿನ ನೊರೆ ಕುತ್ತಿಗೆಯವರೆಗೆ ಬಂದಾಗ ತಿಳಿಯಿತು.

ಮೂರಕ್ಕೆ ನಿಯಾಜನ ಮನೆಯ ಬಾಗಿಲಲ್ಲಿ ನಿಂತಾಗ ಅವನ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನ್ ನಿತ್ಯಣ್ಣ, ಈಜಿ ಬಂದ್ರಾ?"

"ಎಂತ ಹೇಳುದು ಮಾರಾಯ್ರೆ. ನಾಲ್ಕೂ ಕಡೆಯಿಂದ ಸುದ್ದಿ ಅಟ್ಟಿಸ್ಕೊಂಡು ಬಂತು. ಆದ್ರೆ ಒಂದಕ್ಷರ ಕಿವಿಗೆ ಬೀಳ್ಲಿಕ್ಕೆ ಬಿಡ್ಲಿಲ್ಲ ನಾನು."

ನಿತ್ಯಾನಂದ ನಿಯಾಜನ ಲುಂಗಿ ಉಟ್ಟು, ಚಹಾ ಹಿಡಿದು ಕೂತ. ಟೇಪ್ ಓಡಿತು. ಮೂಗಿನ ಹುಡುಗ ಮೊದಲ ಸೆಟ್ ಕಳೆದುಕೊಂಡ, ಎರಡನೆಯದು ಗೆದ್ದ, ಮೂರನೆಯದು ಕಳೆದುಕೊಂಡ, ನಾಲ್ಕನೆಯದು ಗೆದ್ದ. ಬಿಳಿ ಬಟ್ಟೆ, ಹಸಿರು ಹುಲ್ಲು, ಚೆಂಡಿನ ಟೊಕ್ ಟೊಕ್ ಸದ್ದು. ಇಬ್ಬರೂ ಸ್ವಲ್ಪ ಹೊತ್ತು ಪಂಥವನ್ನೂ ಮರೆತರು. ನಿಯಾಜನಿಗೆ ಮೈಸೂರಿನಲ್ಲಿ ಅಬ್ಬಾಜಾನ್ ಜೊತೆ ಕೂತು ನೋಡಿದ ದಿನಗಳು ನೆನಪಾದವು. "ಅವ್ರಿಗೆ ಸ್ಕೋರ್ ಅರ್ಥ ಆಗ್ತಿರಲಿಲ್ಲ. ಆದ್ರೂ ನಾನ್ ಚಪ್ಪಾಳೆ ಹೊಡೆದ್ರೆ ಅವರೂ ಹೊಡೀತಿದ್ರು" ಎಂದ. ನಿತ್ಯಾನಂದ ಅವನ ತೋಳಿನ ಮೇಲೆ ಕೈಯಿಟ್ಟ.

ಐದನೇ ಸೆಟ್ ಆರಂಭಕ್ಕೆ ನಿಯಾಜ್ ಟೇಪ್ ನಿಲ್ಲಿಸಿ, "ಅಸರ್ ನಮಾಜ್ ಮುಗಿಸ್ಕೊಂಡು ಬಂದ್ಬಿಡ್ತೀನಿ" ಎಂದು ಒಳಗೆ ಹೋದ. ಆಗಲೇ ಬಾಗಿಲು ದಢಾರನೆ ತೆರೆಯಿತು. ವನಜಾಕ್ಷಿ, ಅವಳ ಹಿಂದೆ ತೊಂಡೆಕಾಯಿ ಚೀಲ ಹಿಡಿದ ರಯೀಸಾ, ಅವಳ ಹಿಂದೆ ಹಾಲಪ್ಪನವರು.

"ಎಂಥಾ ಮನಶ್ಯಾರ್ರೀ ನೀವು" ಎಂದರು ಹಾಲಪ್ಪನವರು. "ಮಧ್ಯಾಹ್ನದಿಂದ ಹಿಂದ ಓಡಾಕತ್ತೇನಿ. ನಿಮ್ಮ ಅತ್ತಿಯವರು ಏರ್‌ಪೋರ್ಟಿನ್ಯಾಗ ಕುಂತಾರ. ಉಡುಪಿಯಿಂದ ನಿಮ್ಮ ಹೆಂಡರ ತಮ್ಮ ನನಗ ಫೋನ್ ಹಚ್ಚಿದ್ದ, ನಿಮ್ಮ ಫೋನ್ ಹತ್ತವಲ್ದು ಅಂತ."

"ಅತ್ತೆ ಬರುದು ನಾಳೆ."

"ನಾಳೆ ಅಲ್ಲ, ಇವತ್ತು" ಎಂದಳು ವನಜಾಕ್ಷಿ. ಅವಳ ದನಿ ಬಾವಿಯ ತಳದಿಂದ ಬಂದಂತಿತ್ತು. "ಊರಿನ ಗಂಟೆಗೆ ಕೂಡಿಸಿದ್ರಿ. ಇಲ್ಲಿಯ ಗಂಟೆಗೆ ಕಳೀಲಿಕ್ಕೆ ಉಂಟು ಅಂತ ಎಂಜಿನಿಯರ್‌ರಿಗೆ ಗೊತ್ತಾಗ್ಲಿಲ್ಲ. ನಾನು ಬೆಳಿಗ್ಗೆಯಿಂದ ಆರ್ಟೀಶಿಯಾದಲ್ಲಿ, ಏರ್‌ಪೋರ್ಟಿನ ಬುಡದಲ್ಲೇ ತೊಂಡೆಕಾಯಿ ಆರಿಸ್ತಾ ಇದ್ದೆ. ಮೊದಲು ಫೋನ್ ಆನ್ ಮಾಡಿ."

ನಿತ್ಯಾನಂದ ಮೊಬೈಲ್ ಆನ್ ಮಾಡಿ ಕಿವಿಗಿಟ್ಟ. ಮೆಸೇಜುಗಳು ಸಾಲುಗಟ್ಟಿದ್ದವು. ಮೊದಲನೆಯದು: "ಅಳಿಯಂದಿರೇ, ನಾನು ಬಂದು ಮುಟ್ಟಿದೆ. ನೀವು ಕಾಣ್ತಾ ಇಲ್ಲ." ಎರಡನೆಯದು: "ಗಡಿಬಿಡಿ ಮಾಡ್ಬೇಡಿ, ನಿಧಾನ ಡ್ರೈವ್ ಮಾಡಿ." ಮೂರನೆಯದರಲ್ಲಿ ಅತ್ತೆಯ ದನಿ ಹುರುಪಾಗಿತ್ತು: "ಇಲ್ಲಿ ಹೋಟೆಲಿನ ಟಿವಿಯಲ್ಲಿ ಇವತ್ತಿನ ಮ್ಯಾಚು ಪುನಃ ಹಾಕಿದ್ರು. ಆ ಉದ್ದ ಮೂಗಿನ ಹುಡುಗ ಗೆದ್ದ ಮಾರಾಯ. ನೀನು ಯಾವಾಗ್ಲೂ ಪಾಪದವರ ಪಕ್ಷ ಅಲ್ವಾ, ಖುಷಿಯಾಗ್ಲಿ ಅಂತ ಹೇಳಿದೆ."

ಅಳಿಯನಾದ ದಿನದಿಂದ ಅರುಂಧತಿಯಮ್ಮ ಅವನಿಗೆ ಬಹುವಚನ. ಟೆನಿಸ್ಸಿನ ಮಾತು ಬಂದರೆ ಮಾತ್ರ ಹಳೇ ಏಕವಚನ.

ತನ್ನ ಹುಡುಗ ಗೆದ್ದಿದ್ದ. ಎರಡೂ ಟ್ರಿಪ್ ನಿಯಾಜನ ತಲೆಗೆ. ಈ ಮೆಸೇಜ್ ಒಂದನ್ನು ಅಳಿಸಿ, ಮುಖ ಗಂಟಿಕ್ಕಿಕೊಂಡು ಐದನೇ ಸೆಟ್ ನೋಡಿದರೆ ಸಾಕು. ನಿತ್ಯಾನಂದನ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಅಷ್ಟರಲ್ಲಿ ವನಜಾಕ್ಷಿ, "ಅಮ್ಮ ಎಂತ ಹೇಳಿದ್ರು, ಕೊಡಿ ಇಲ್ಲಿ" ಎಂದು ಕಿತ್ತುಕೊಂಡು ಸ್ಪೀಕರ್ ಒತ್ತಿ ಮೆಸೇಜನ್ನು ಮತ್ತೆ ಹಾಕಿದಳು. ನಮಾಜು ಮುಗಿಸಿ ಬಾಗಿಲಿಗೆ ಬಂದಿದ್ದ ನಿಯಾಜನಿಗೆ ಎಲ್ಲ ಕೇಳಿಸಿತು.

ಅವನು ತಲೆಯ ಮೇಲಿನ ಟೋಪಿ ತೆಗೆದು ಮಡಚಿ ಜೇಬಿಗಿಟ್ಟುಕೊಂಡ. "ನಿತ್ಯಣ್ಣ, ಇದನ್ನ ಮೊದಲು ಕೇಳಿದ್ದು ಯಾರು?"

"ನಾನೇ" ಎಂದ ನಿತ್ಯಾನಂದ.

"ಕಾನೂನು ಮಾಡಿದ್ದು ನಿಮ್ ಅತ್ತೆ. ನಾನೇನ್ ಹೇಳ್ಲಿ?" ನಿಯಾಜ್ ತನ್ನ ವ್ಯಾನಿನ ಕೀಲಿಯನ್ನು ಅವನ ಕೈಗೆ ಹಾಕಿದ. "ವ್ಯಾನ್ ತಗೊಂಡ್ ಹೋಗಿ, ಲಗೇಜ್ ಜಾಸ್ತಿ ಇರತ್ತೆ. ಮುಂದಿನ ವಾರ ಶಾದಾಬ್ ಮಾವನ ಫ್ಲೈಟ್ ಮಧ್ಯಾಹ್ನ ಬರತ್ತೆ."

ವನಜಾಕ್ಷಿ ಬರಲಿಲ್ಲ. ಅಮ್ಮನಿಗೆ ಬಿಸಿ ಅನ್ನ ಮಾಡಬೇಕಿತ್ತು, ಗಂಡನಿಗೆ ಬೈಯಲು ಮಾತು ಜೋಡಿಸಿಕೊಳ್ಳಬೇಕಿತ್ತು. ನಿತ್ಯಾನಂದ ನಿಯಾಜನ ಲುಂಗಿಯಲ್ಲೇ ಹೊರಟ. ಎಕ್ಸಿಟ್ ತಪ್ಪದೆ ಮುಟ್ಟಿದ್ದೊಂದೇ ಆ ದಿನದ ಪುಣ್ಯ.

ಬಿಸಿಲು ಇಳಿಯುತ್ತಿತ್ತು. ಅರುಂಧತಿಯಮ್ಮ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು, ಕಾಗದದ ಲೋಟದ ಕಾಫಿಯನ್ನು ಸಂಶಯದಿಂದ ನೋಡುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನಿಗೆ ಕಣ್ಣು ತುಂಬಿ ಬಂತು. ಬಾಗಿ ಕಾಲು ಮುಟ್ಟಿದ.

"ತಪ್ಪಾಯ್ತು ಅತ್ತೆ. ಲೆಕ್ಕ ತಪ್ಪಿತು."

"ಇರ್ಲಿ ಬಿಡಿ. ಟಿವಿ ಇತ್ತು, ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ. ವನಜ ಬೈದ್ಲಾ?"

"ಬೈಲಿಕ್ಕೆ ಇನ್ನೂ ಶುರು ಮಾಡ್ಲಿಲ್ಲ. ಮನೇಲಿ ಉಂಟು."

ಅರುಂಧತಿಯಮ್ಮನ ಕಣ್ಣು ಮಿಂಚಿತು. "ಹಾಗಾದ್ರೆ ಒಂದು ಪಂಥ ಕಟ್ಟುವ. ಇವತ್ತು ಆ ಎಡಚನದ್ದೂ ಮ್ಯಾಚು ಇತ್ತಲ್ಲ. ಯಾರು ಗೆದ್ದದ್ದು? ನೀನು ಸರಿ ಹೇಳಿದ್ರೆ, ದಿನ ತಪ್ಪು ಹೇಳಿದ್ದು ನಾನೇ ಅಂತ ವನಜನ ಹತ್ರ ಒಪ್ಪಿಕೊಳ್ತೇನೆ. ತಪ್ಪಿದ್ರೆ ಬೈಗಳು ಪೂರಾ ನಿಂಗೆ."

ಬದುಕಿದೆ ಎಂದುಕೊಂಡ ನಿತ್ಯಾನಂದ. ಎಡಚ ಸೋಲುವವನೇ ಅಲ್ಲ ಎಂದು ಒಂದು ವಾರದಿಂದ ಎಲ್ಲರೂ ಹೇಳುತ್ತಿದ್ದರು. ಈ ಒಂದು ಸಲ ಪಾಪದವರ ಪಕ್ಷ ಬಿಟ್ಟು, "ಎಡಚ" ಎಂದ.

"ಆಯ್ತು" ಎಂದರು ಅರುಂಧತಿಯಮ್ಮ, ಬಹಳ ಮೆತ್ತಗೆ.

ಫ್ರೀವೇ ಮೇಲೆ ಕಾರುಗಳು ನಿಂತಿದ್ದವು. ಆ ಬೇಸರಕ್ಕೆ ಅವನು ದಿನದ ಕತೆಯನ್ನೆಲ್ಲ ಹೇಳಿದ: ಕಿತ್ತ ವೈರು, ಹಾಲಪ್ಪನವರು, ಸೋಪಿನ ನೊರೆ, ಕೊನೆಗೆ ಅವರದೇ ಕಾನೂನಿನಿಂದ ಗೆದ್ದು ಸೋತದ್ದು. ಅರುಂಧತಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಅಯ್ಯೋ, ಆ ಕಾನೂನು ಇನ್ನೂ ನಡೆಸ್ತಾ ಇದ್ದಿಯಾ? ಅದು ನಿಮಗೆ ಮಕ್ಕಳಿಗೆ ಮಾಡಿದ್ದು. ನನಗಲ್ಲ."

"ಅಂದ್ರೆ?"

"ಅಡುಗೆಮನೆಯಲ್ಲಿ ನಿನ್ನ ಮಾವನ ರೇಡಿಯೋ ಇತ್ತಲ್ಲ. ಹಿಂದಿನ ರಾತ್ರಿಯೇ ಕೇಳಿ ಇಡ್ತಿದ್ದೆ."

ನಿತ್ಯಾನಂದ ಸ್ಟೀರಿಂಗ್ ಬಿಟ್ಟು ಅವರತ್ತ ತಿರುಗಿದ. ಅವನು ಸೇದಿದ ಕೊಡಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. "ಅಷ್ಟು ವರ್ಷ ನನ್ನ ಕೈಯಲ್ಲಿ ಸುಮ್ಮನೆ ನೀರು ಸೇದಿಸಿದ್ರಾ ಅತ್ತೆ?"

"ಸುಮ್ಮನೆ ಅಲ್ಲ. ನೀನು ಗೆದ್ರೆ ಜಗಲಿಯಿಂದ ಸೀದಾ ಮನೆಗೆ ಹೋಗ್ತಿದ್ದಿ. ವನಜ ಇರ್ತಿದ್ದದ್ದು ಬಾವಿಕಟ್ಟೆಯಲ್ಲಿ. ಓಣಿಯಲ್ಲಿ ಒಳ್ಳೆ ಹುಡುಗ ಅಂತ ಇದ್ದವ ನೀನೊಬ್ಬನೇ."

ಮುಂದಿನ ಕಾರು ಸರಿಯಿತು, ಹಿಂದಿನವನು ಹಾರ್ನ್ ಹೊಡೆದ. ಹತ್ತು ಗಜ ಮುಂದೆ ಹೋಗಿ ಮತ್ತೆ ನಿಂತಾಗ ಅವನ ತಲೆಯಲ್ಲಿ ಏನೋ ಹೊಳೆಯಿತು.

"ಅತ್ತೆ, ಆ ಎಡಚನ ಮ್ಯಾಚು. ಅದನ್ನೂ ಹೋಟೆಲಿನ ಟಿವಿಯಲ್ಲಿ ತೋರಿಸಿದ್ರಾ?"

ಅರುಂಧತಿಯಮ್ಮ ಕಿಟಕಿಯ ಗಾಜಿಗೆ ಮುಖ ಹಚ್ಚಿ, "ಇಲ್ಲಿಯೂ ಸಮುದ್ರ ಪಡುವಣಕ್ಕೇ ಅಲ್ವಾ, ನಮ್ಮ ಊರಿನ ಹಾಗೆ" ಎಂದರು.