ಗಾಂಧಿನಗರಕ್ಕೆ ನೀರಿಲ್ಲ

ನಾನು ಧಾರವಾಡದಲ್ಲಿ ಪ್ರಾಧ್ಯಾಪಕ. ಮಾಧ್ಯಮ, ಮಾಹಿತಿ ತಂತ್ರಜ್ಞಾನ, ಜಾಗತಿಕ ರಾಜಕಾರಣ ಇವು ನನ್ನ ಇಪ್ಪತ್ತು ವರ್ಷಗಳ ಅಧ್ಯಯನದ ವಿಷಯ. ಒಂದು ದೇಶದ ಸುಳ್ಳು ಸುದ್ದಿ ಇನ್ನೊಂದು ದೇಶದ ಚುನಾವಣೆಯನ್ನು ಹೇಗೆ ಕೆಡಿಸುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಹೀಗಾಗಿ ಪಕ್ಕದ ಮನೆಯ ಶಾಂತಕ್ಕ ಮೊಬೈಲ್ ಹಿಡಿದು ಬಂದಾಗ ನನಗೆ ಅಳುಕೇನೂ ಇರಲಿಲ್ಲ.

“ಸರ್, ನಮ್ಮ ಗಾಂಧಿನಗರಕ್ಕ ಎಂಟು ದಿನ ನೀರು ಬರಂಗಿಲ್ಲಂತ ಮೆಸೇಜ್ ಬಂದೈತ್ರಿ. ಖರೇ ಏನ್ರಿ? ರವಿವಾರ ಮನ್ಯಾಗ ಮಗಳ ನಿಶ್ಚಯ ಐತಿ.”

ಓದಿದೆ. ಪೈಪ್ ದುರಸ್ತಿ, ‘ಸಾರ್ವಜನಿಕರು ಸಹಕರಿಸತಕ್ಕದ್ದು’, ಕೆಳಗೊಂದು ಸೀಲು.

“ಖರೇನ ಐತ್ರಿ. ಇಂಥಾ ಕನ್ನಡ ಸರಕಾರದವರನ್ನ ಬಿಟ್ರ ಯಾರಿಗೂ ಬರಂಗಿಲ್ಲ!”

“ನೀರು ಬಿಡಾಂವಗ ಒಂದು ಮಾತು ಕೇಳ್ರಲಾ,” ಎಂದು ಒಳಗಿನಿಂದ ನನ್ನ ಹೆಂಡತಿ ಸುಮಾ ಕೂಗಿದಳು.

ನೀರು ಬಿಡುವವನನ್ನು ಕೇಳಿ ತಿಳಿಯಲು ನಾನೇಕೆ ಪಿಎಚ್.ಡಿ. ಮಾಡಬೇಕಿತ್ತು?

ಸಂಜೆಯೊಳಗೆ ‘ಪ್ರೊಫೆಸರ್ ಸಾಹೇಬ್ರು ಖಾತ್ರಿ ಮಾಡ್ಯಾರ’ ಎಂಬ ಸಾಲು ಹೊತ್ತು ಆ ಮೆಸೇಜು ಇಡೀ ಓಣಿಗೆ ಹೋಯಿತು. ಜನ ಬೋರ್‌ವೆಲ್ ಮುಂದೆ ಪಾಳಿ ಹಚ್ಚಿ ಕೊಡ, ಬಕೀಟು, ಕುಕ್ಕರು ಎಲ್ಲ ತುಂಬಿಸಿಕೊಂಡರು. ಶಾಂತಕ್ಕ ಮನೆ ಮುಂದಿನ ಪೆಂಡಾಲ್ ಬಿಚ್ಚಿಸಿ, ನಿಶ್ಚಯವನ್ನು ಮುಗದ ಎಂಬ ಹಳ್ಳಿಯ ತಮ್ಮ ತವರುಮನೆಗೆ ಒಯ್ದರು.

ರವಿವಾರ ಬೆಳಿಗ್ಗೆ ನೀರು ಬಂತು. ಎಂದೂ ಬಾರದಷ್ಟು ಜೋರಾಗಿ ಬಂತು! ಹಿಡಿಯಲು ಓಣಿಯಲ್ಲಿ ಒಂದು ಚೆರಿಗೆಯೂ ಖಾಲಿ ಇರಲಿಲ್ಲ.

ಮೆಸೇಜು ತೆರೆದು ಸೀಲನ್ನು ದೊಡ್ಡದು ಮಾಡಿ ನೋಡಿದೆ. ಅದು ಬೇರೆ ಜಿಲ್ಲೆಯ ಊರಿನದು.

“ಗಾಂಧಿನಗರ ಯಾವ ಊರಾಗ ಇಲ್ರಿ?” ಎಂದಳು ಸುಮಾ.

ಕ್ಷಮೆ ಕೇಳಲು ಇಬ್ಬರೂ ಮುಗದಕ್ಕೆ ಹೋದೆವು. ಶಾಂತಕ್ಕ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ಆಗಿದ್ದಾತು ಬಿಡ್ರಿ ಸರ್, ಊಟ ಮಾಡ್ರಿ,” ಎಂದು ಎಲೆ ಹಾಕಿಸಿದರು. ದಾರಿ ಕೇಳುತ್ತ ಕೇಳುತ್ತ ಎರಡು ತಾಸು ತಡವಾಗಿ ಬಂದಿದ್ದ ಬೀಗರು ಮಾತ್ರ ಕುದಿಯುತ್ತಿದ್ದರು. ವರನ ತಂದೆ ನನ್ನ ಪಕ್ಕದಲ್ಲೇ ಊಟಕ್ಕೆ ಕುಳಿತರು.

“ಅಲ್ರಿ, ಸುಳ್ಳು ಸುದ್ದಿ ಹಿಡಿಯೋದ್ರಾಗ ಭಾಳ ಶಾಣ್ಯಾ ಅಂತ, ಯಾವನೋ ಪ್ರೊಫೆಸರ್ ಹೇಳಿದ್ದಕ್ಕ ಇಷ್ಟೆಲ್ಲಾ ಆತಂತ. ಆಂವ ನನ್ನ ಕೈಯಾಗ ಸಿಗಬೇಕು! ಅಂದಂಗ, ನೀವೇನು ಮಾಡ್ತೀರ್ರಿ?”

ನಾನು ಬಾಯಿ ತೆರೆಯುವುದರೊಳಗೆ ಸುಮಾ ಹೇಳಿದಳು: “ಇವರು ಗಣಿತ ಕಲಸ್ತಾರ್ರಿ.”

ವರನ ತಂದೆ ಅದನ್ನು ಆಚೆ ಕುಳಿತವರಿಗೂ ತಿಳಿಸಿದರು. ನಾನು ತಲೆ ತಗ್ಗಿಸಿ ಹೋಳಿಗೆ ತಿಂದೆ.