ಮನಸ್ಸಿನ ಪರೀಕ್ಷೆಗೆ ರೇಷ್ಮೆ ಸೀರೆ

ಅತಿ ಒಳ್ಳೆಯವಳಾಗಿಬಿಟ್ಟದ್ದಕ್ಕೇ ಪರೀಕ್ಷೆಯಲ್ಲಿ ನಪಾಸಾದವಳು ನಮ್ಮಕ್ಕ! ಅವಳ ಊರು ಕೆರೆಬಿಳಚಿಯಲ್ಲಿ ಇದನ್ನು ಯಾರೂ ನಂಬಲಿಲ್ಲ. ನಪಾಸಾದದ್ದನ್ನಲ್ಲ, ಒಳ್ಳೆಯವಳಾದದ್ದನ್ನು.

ಅವಳ ಬಾಯಿ ಅಂಥಾದ್ದು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರು ಅವಳ ಕುಂಬಳಕಾಯಿಗೆ ಲಗೇಜು ಕೇಳಿದ. "ಅದು ನನ್ನ ತೊಡೆ ಮೇಲೆ ಕೂತೈತೆ, ನಿನ್ನ ಸೀಟಿನ ಮೇಲಲ್ಲ" ಅಂತ ಶುರು ಮಾಡಿದವಳು ಬಸವಾಪಟ್ಟಣ ಬರೋವರೆಗೂ ನಿಲ್ಲಿಸಲಿಲ್ಲ. ಕೊನೆಗೆ ಆ ಪುಣ್ಯಾತ್ಮನೇ ಕುಂಬಳಕಾಯಿ ಹೊತ್ತು ಇಳಿಸಿಕೊಟ್ಟ.

ನಾನಿರೋದು ಹೊನ್ನಾಳಿಯಲ್ಲಿ. ನನ್ನ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. "ನಂದೊಂದು ತಗಾ" ಅಂದಳು ಅಕ್ಕ, ಪಕ್ಕದ ಮನೆಗೆ ಕರಿಬೇವು ಕೊಟ್ಟಂಗೆ! ರಕ್ತ ಹೊಂದಿತು, ಉಳಿದದ್ದೆಲ್ಲ ಹೊಂದಿತು. ಇನ್ನು ಮನೋವೈದ್ಯರು ಅವಳನ್ನು ಮಾತಾಡಿಸಿ, ಯಾರ ಒತ್ತಾಯವೂ ಇಲ್ಲದೆ ಕೊಡುತ್ತಿದ್ದಾಳೆ ಅಂತ ಬರೆದುಕೊಡಬೇಕು. ಬರೆಯದಿದ್ದರೆ ಆಪರೇಷನ್ ಇಲ್ಲ.

ಆವತ್ತು ಅಕ್ಕ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಳು. ಡಾಕ್ಟರಮ್ಮನ ಮುಂದೆ ತಲೆ ತಗ್ಗಿಸಿ ಕೂತಳಂತೆ. ಭಯ? ಇಲ್ಲ. ಸಿಟ್ಟು? ಬರೋದೇ ಇಲ್ಲ. ತಮ್ಮನ ಜೊತೆ ಜಗಳ? "ಅಯ್ಯೋ, ಒಂದಿನಾನೂ ಇಲ್ರಿ!"

ಆಮೇಲೆ ನನ್ನೊಬ್ಬನನ್ನೇ ಒಳಗೆ ಕರೆದು ಅದನ್ನೇ ಕೇಳಿದರು. "ಜಗಳಾನಾ? ಎರಡು ವರ್ಷ ಮಾತೇ ಬಿಟ್ಟಿದ್ವಿ ಮೇಡಂ" ಅಂದೆ ನಾನು, ಹೆಮ್ಮೆಯಿಂದ. ಡಾಕ್ಟರಮ್ಮನ ಪೆನ್ನು ನಿಂತಿತು. ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಅನ್ನೋ ಅನುಮಾನ. ಸಹಿ ಬೀಳಲಿಲ್ಲ, ಮುಂದಿನ ವಾರ ಬನ್ನಿ ಅಂದರು.

"ಯಾಕಕ್ಕ ಸುಳ್ಳು ಹೇಳಿದೆ?"

"ಲೇ, ಹೆಣ್ಣು ನೋಡಾಕೆ ಬಂದೋರ ಮುಂದೆ ಯಾರಾದ್ರೂ ಮನೆ ಹುಳುಕು ಹೇಳ್ತಾರೇನೋ? ಆಮೇಲೆ ಒಪ್ಪಿಗೆ ಆಗೋದು ಹೆಂಗೆ?"

ಏನನ್ನಲಿ ಇವಳಿಗೆ! "ಇದ್ದದ್ದು ಇದ್ದಂಗೆ ಹೇಳು ತಾಯಿ" ಅಂತ ಕೈಮುಗಿದೆ.

ಮುಂದಿನ ವಾರ ನೂಲಿನ ಸೀರೆ. ಒಳಗೆ ಹೋದವಳು ಒಂದೂವರೆ ತಾಸಾದರೂ ಬರಲಿಲ್ಲ! ನನ್ನ ಗೃಹಪ್ರವೇಶಕ್ಕೆ ಕುಂಕುಮ ಹಿಡಿದು ಮನೆಗೆ ಬರದೆ ಫೋನಿನಲ್ಲೇ ಅವಳನ್ನು ಕರೆದು ಎರಡು ವರ್ಷ ಮಾತು ಬಿಡಿಸಿಕೊಂಡದ್ದೂ ಸೇರಿ, ಹುಟ್ಟಿದಾಗಿನಿಂದ ನಾನು ಮಾಡಿದ್ದೆಲ್ಲ ಆಚೆ ಬಂದಿರಬೇಕು. ಆಪರೇಷನ್ ಆಸೆ ಬಿಟ್ಟೇ ಕೂತಿದ್ದೆ. ಆಗ ನನ್ನನ್ನು ಒಳಗೆ ಕರೆದರು.

"ಭಯ ಇದೆ ಅಂದ್ರು, ಆದ್ರೂ ಕೊಡ್ತೀನಿ ಅಂದ್ರು. ನಾನು ಸಹಿ ಮಾಡ್ತೀನಿ" ಅಂದರು ಡಾಕ್ಟರಮ್ಮ. ಆಮೇಲೆ ಅಕ್ಕನ ಕಡೆ ತಿರುಗಿದರು. "ಕೊಟ್ಟ ಕಿಡ್ನಿ ಕೆಲಸ ಮಾಡದಿದ್ರೆ ಏನ್ಮಾಡ್ತೀರಿ ಅಂತ ಕೇಳಿದೆ. ಅದಕ್ಕೇನಂದ್ರಿ, ನೀವೇ ಹೇಳ್ರಮ್ಮ."

ಅಕ್ಕ ನನ್ನ ಕಡೆ ನೋಡಲಿಲ್ಲ. "ನಾನು ತಡ್ಕಂತೀನಿ ಕಣ್ರಿ. ಇವನು ತಡ್ಕಳಲ್ಲ. ಅಕ್ಕನ್ನ ಸುಮ್ನೆ ಕೊಯ್ಸಿಬಿಟ್ಟೆ ಅಂತ ಕೊರಗಿ ಕೊರಗಿ, ನಮ್ಮನೆ ಕಡೆ ಬರಾದೇ ಬಿಟ್ಬಿಡ್ತಾನೆ. ಅದಕ್ಕೆ ಏನಾದ್ರೂ ಔಷಧಿ ಇದ್ರೆ ಈಗ್ಲೇ ಕೊಟ್ಬಿಡ್ರಿ."

ಡಾಕ್ಟರಮ್ಮ ಇನ್ನೊಂದು ಕುರ್ಚಿ ಎಳೆದು, "ಕೂತ್ಕೊಳ್ಳಿ, ಈಗ ನಿಮ್ಮ ಹತ್ರ ಮಾತಾಡ್ಬೇಕು" ಅಂದರು.

ಕೂತೆ. ಗೊಳೋ ಅಂತ ಅತ್ತುಬಿಟ್ಟೆ.

"ನೋಡಿದ್ರೇನ್ರಿ?" ಅಂದಳು ಅಕ್ಕ, ಸೆರಗಿನಿಂದ ನನ್ನ ಮುಖ ಒರೆಸುತ್ತಾ. "ಇನ್ನೂ ಕೊಟ್ಟೇ ಇಲ್ಲ, ಆಗ್ಲೇ ಹಿಂಗೆ."