ಸಾಹೇಬರಿಗೆ ಸೆಕೆಯಾಗಬೇಕು

ಆ ದಿನ ಗುರುವನಿಗೆ ಬೇಕಾಗಿದ್ದುದು ಇಷ್ಟೇ: ಎಂಜಿನಿಯರ್ ಸಾಹೇಬರಿಗೆ ಚೆನ್ನಾಗಿ ಸೆಕೆಯಾಗಬೇಕು.

ಮುಂದಿನ ಇಪ್ಪತ್ತು ವರ್ಷಕ್ಕೆ ಕರೆಂಟು ಎಲ್ಲಿಂದ ತರುವುದು, ಯಾರಿಗೆ ಎಷ್ಟು ಕೊಡುವುದು ಎಂದು ವಿದ್ಯುತ್ ಕಂಪನಿಯವರು ಯೋಜನೆ ಹಾಕುತ್ತಿದ್ದರು. ಜನರ ಅಹವಾಲು ಕೇಳಲು ಊರೂರಿಗೆ ಬರುತ್ತಿದ್ದರು. ಮೀನುಗಾರಿಕೆಗೆಂದೇ ಕಡಿತವಿಲ್ಲದ ಒಂದು ಪ್ರತ್ಯೇಕ ಲೈನು ಆ ಯೋಜನೆಯಲ್ಲಿತ್ತು. ಅದು ನಾವುಂದಕ್ಕೋ, ಪಕ್ಕದ ಮರವಂತೆಗೋ ಎಂಬುದು ಇಂದು ನಾವುಂದದ ಮೀನುಗಾರರ ಸಂಘದ ಮೀಟಿಂಗ್ ಹಾಲಿನಲ್ಲಿ, ಎರಡೂ ಊರಿನವರ ಎದುರಿನಲ್ಲೇ ತೀರ್ಮಾನವಾಗಲಿತ್ತು.

“ಇಪ್ಪತ್ತ್ ವರ್ಷದ್ ಇರ್ಲಿ ಮಾರಾಯ, ಇವತ್ ಮಧ್ಯಾಹ್ನದ್ ಎಂತ ಅಂದ್ ಹೇಳ್ಲಿ ಕಾಂಬ,” ಎಂದಿದ್ದ ಸಂಘದ ಅಧ್ಯಕ್ಷ ಬಚ್ಚ.

ಉಳಿದವರಿಗೆ ಕರೆಂಟು ಹೋದರೆ ಧಾರಾವಾಹಿ ತಪ್ಪುತ್ತಿತ್ತು. ಗುರುವನಿಗೆ ಅನ್ನವೇ ತಪ್ಪುತ್ತಿತ್ತು. ಅವನದು ಐಸ್ ಪ್ಲಾಂಟು. ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಹೋಗಿ ಅವನ ಐಸಿನ ಗಡ್ಡೆಗಳು ಹೊರಗೆ ಗಟ್ಟಿ, ಒಳಗೆ ಎಳನೀರು. ದೋಣಿಯವರು ಒಬ್ಬೊಬ್ಬರಾಗಿ ಗಂಗೊಳ್ಳಿಯ ಐಸಿಗೆ ಹೋಗಿಬಿಟ್ಟಿದ್ದರು. ಈ ಸಲ ಲೈನು ಬರದಿದ್ದರೆ ಮಳೆಗಾಲ ಕಳೆದ ಮೇಲೆ ಪ್ಲಾಂಟಿನ ಬಾಗಿಲು ತೆಗೆಯುವ ಕೆಲಸವೇ ಇರಲಿಲ್ಲ.

ಆದ್ದರಿಂದ ಅವನು ಯೋಚಿಸಿ ಏರ್ಪಾಡು ಮಾಡಿದ್ದ. ಸಭೆ ಹನ್ನೊಂದಕ್ಕೆ. ಹನ್ನೊಂದರಿಂದ ಎರಡರವರೆಗೆ ಊರಿನಲ್ಲಿ ಕರೆಂಟಿಲ್ಲ. ಹಾಲಿನ ಮಾಡು ತಗಡಿನದು. ಏಪ್ರಿಲ್ ತಿಂಗಳಲ್ಲಿ ಅದರಡಿ ಕೂತವನು ಕಾವಲಿಯ ಮೇಲಿನ ದೋಸೆ. ಸಾಹೇಬರು ಒಂದು ಬದಿ ಬೆಂದ ಮೇಲೆ ಅವರೆದುರು ಐಸಿನ ಗಡ್ಡೆ ಒಡೆದು ಒಳಗಿನ ನೀರು ತೋರಿಸುವುದು. ಗಾಳಿ ಬೇಕೆಂದು ಕಿಟಕಿಗೆ ಹೋದರೆ ಅಲ್ಲಿ ಐಸಿಲ್ಲದೆ ಹಾಳಾದ ಬಂಗುಡೆಯ ಬುಟ್ಟಿ. ಭಾಷಣದ ಅಗತ್ಯವೇ ಇರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಹಾಲಿಗೆ ಹೋದವನಿಗೆ ಮೊದಲು ಬಡಿದದ್ದು ಊದುಬತ್ತಿಯ ವಾಸನೆ. ಪಕ್ಕದ ಮನೆಯ ವನಜಕ್ಕ ಸೆರಗು ಸಿಕ್ಕಿಸಿಕೊಂಡು ನೆಲ ಗುಡಿಸುತ್ತಿದ್ದಳು.

“ವನಜಕ್ಕ, ಇಲ್ಲೊಂದ್ ಬುಟ್ಟಿ ಇದ್ದಿತ್ತಲೆ?”

“ಆ ಕೊಳ್ಕ್ ಬಂಗ್ಡಿಯಾ? ತೆಂಗಿನ್ ಬುಡಕ್ ಹುಗ್ದೆ. ಯಾರೋ ಬೇಕಂದೇ ಇಟ್ಟಿರ್ ಕಾಣ್. ಮರವಂತಿಯರೇ ಸೈ!”

“ಇಟ್ಟದ್ ನಾನೇ ಮಾರಾಯ್ತಿ!”

ವನಜಕ್ಕ ಪೊರಕೆ ಹಿಡಿದೇ ನೆಟ್ಟಗಾದಳು. “ನೀನಾ? ಊರಿಗ್ ಬಂದರಿಗ್ ಕೊಳ್ದ್ ಮೀನಿನ್ ನಾತ ಕೊಡುಕೆ ನಾವೆಂತ ಗತಿಗೆಟ್ಟರಾ? ಮೂವತ್ ವರ್ಷ ಮೀನ್ ಮಾರಿದ್ದೆ. ಒಂದ್ ದಿನ ಹಳ್ಸದ್ ಮಾರ್ಲಿಲ್ಲೆ.”

ಅವಳು ಹೇಳಿದ್ದು ನಿಜ. ಅದೇ ತೊಂದರೆ. ನಾವುಂದದವರಿಗೆ ಕಷ್ಟ ಬೇಕಾದಷ್ಟಿತ್ತು. ಅದನ್ನು ನೆಂಟರೆದುರು ಬಿಚ್ಚಿಡುವ ಅಭ್ಯಾಸ ಮಾತ್ರ ಇರಲಿಲ್ಲ.

ನಾತ ಹೋದರೆ ಹೋಗಲಿ, ಸೆಕೆ ಇದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಗೂಡ್ಸ್ ಟೆಂಪೊ ಬಂದು ನಿಂತಿತು. ಹಿಂದೆ ಆನೆಮರಿಯಂಥ ಜನರೇಟರು, ಮುಂದೆ ಸುಧೀರ. ಮುಂಬೈಯ ಹೋಟೆಲು ಬಿಟ್ಟು ಬಂದು ಮೈಕು, ದೀಪ, ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದವನು.

“ಗುರುವಣ್ಣ, ಟೆನ್ಶನ್ ಬ್ಯಾಡ. ಆರ್ ಫ್ಯಾನ್, ಒಂದ್ ಕೂಲರ್. ಬಾಡ್ಗಿ ಬ್ಯಾಡ, ಊರಿನ್ ಮರ್ಯಾದಿ ಪ್ರಶ್ನೆ.”

“ಅಯ್ಯೋ ಮಾರಾಯ, ಕರೆಂಟ್ ಇಲ್ಲೆ ಅಂದ್ ಹೇಳುಕಲ್ದಾ ಸಭೆ ಕರ್ದದ್?”

“ಹೇಳುವ. ಫ್ಯಾನಿನ್ ಅಡಿ ಕೂಕಂಡ್ ಹೇಳುವ. ಸೆಕಿಲಿ ಯಾರಿಗ್ ತಲಿಗ್ ಹೋತ್ತ್?”

ಮೈಕಿಗೆ ಶಬ್ದ ತಾಗಬಾರದೆಂದು ಸುಧೀರ ಜನರೇಟರನ್ನು ದೂರದ ಬಲೆ ಶೆಡ್ಡಿನ ಹಿಂದೆ ಇಳಿಸಿದ. ಚಾಲೂ ಮಾಡಿ ನೋಡಿದಾಗ ಕಡಲಿನ ಭೋರ್ಗರೆತದಲ್ಲಿ ಅದರ ಸದ್ದು ಮುಳುಗಿಹೋಯಿತು.

ಗುರುವ ಮನೆಗೆ ಓಡಿದ. ಅಲ್ಲಿಟ್ಟಿದ್ದ ಐಸಿನ ಗಡ್ಡೆಯನ್ನಾದರೂ ಉಳಿಸಿಕೊಳ್ಳಬೇಕು. ಅಂಗಳದಲ್ಲಿ ಹೆಂಡತಿ ಗುಣವತಿ ಒನಕೆ ಎತ್ತಿ ಕುಟ್ಟುತ್ತಿದ್ದಳು. ಗೋಣಿಯೊಳಗಿನಿಂದ ಐಸಿನ ಚೂರುಗಳು ಅವಲಕ್ಕಿಯಂತೆ ಹಾರುತ್ತಿದ್ದವು.

“ಹ್ವಾಯ್, ಆ ಗಡ್ಡಿ ಒಳ್ಗ್ ಬರೀ ನೀರ್ ಕಾಣಿ! ಅದ್ನ ಸಾಹೇಬ್ರ್ ಎದ್ರ್ ಇಡುಕೆ ನಿಮ್ಗ್ ನಾಚ್ಕಿ ಆತಿಲ್ಯಾ? ಪುನರ್ಪುಳಿ ಶರಬತ್ತಿಗ್ ಹಾಕ್ದೆ. ನನ್ ಗಂಡನ್ ಐಸ್ ಒಳ್ಳೆದಿಲ್ಲೆ ಅಂದ್ ಹತ್ತೂರರ್ ಎದ್ರ್ ನಾನ್ ಹೇಳ್ಸುದಿಲ್ಲೆ.”

ಗುರುವನಿಗೆ ಕೋಪ ಬಂತು, ಜತೆಗೆ ಒಂಚೂರು ಹೆಮ್ಮೆಯೂ ಬಂತು. ಎರಡನ್ನೂ ಒಟ್ಟಿಗೆ ನುಂಗಿಕೊಂಡು ಹಾಲಿಗೆ ವಾಪಸು ನಡೆದ.

ಉಳಿದದ್ದು ಒಂದೇ ದಾರಿ. ಹನ್ನೊಂದಕ್ಕೆ ಸಾಹೇಬರ ಜೀಪು ಬಂದು, ಹಾಲಿನಲ್ಲಿ ಫ್ಯಾನುಗಳು ತಿರುಗತೊಡಗಿದಾಗ ಅವನು ಬೆಕ್ಕಿನಂತೆ ಬಲೆ ಶೆಡ್ಡಿನ ಹಿಂದೆ ಹೋದ. ಜನರೇಟರನ್ನು ಆರಿಸಲು ಕೈ ಹಾಕಬೇಕೆನ್ನುವಾಗ ಒಣಗಲು ಹರವಿದ್ದ ಬಲೆ ಕಾಲಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋದ ಕೈಯೂ ಸಿಕ್ಕಿತು. ಕೊನೆಗೆ ಲುಂಗಿಯೂ ಅದೇ ಬಲೆಗೆ ಬಿತ್ತು. ದಡಕ್ಕೆ ಎಳೆದ ತೊರಕೆ ಮೀನಿನಂತೆ ಅವನು ಪಡಪಡ ಬಡಿದುಕೊಳ್ಳುತ್ತಿರುವಾಗ ಬಚ್ಚ ಬಂದ.

“ಹ್ವಾಯ್, ಇಲ್ಲೆಂತ ಮಾಡ್ತಿದ್ದೆ?” ಎಂದವನು ತಾನೇ ಉತ್ತರ ಕಂಡುಕೊಂಡ. “ಮರವಂತಿಯರ್ ಬಂದ್ ಆಫ್ ಮಾಡ್ತ್ರ್ ಅಂದೇಳಿ ಕಾವಲಾ? ಶಭಾಷ್! ಊರಿಗ್ ನಿನ್ನಂತರ್ ಬೇಕ್ ಕಾಣ್.”

ಬಲೆ ಬಿಡಿಸಿ, ಲುಂಗಿ ಕಟ್ಟಿಸಿ, ರಟ್ಟೆ ಹಿಡಿದು ಎಳೆದೊಯ್ದು ಅವನನ್ನು ಮೈಕಿನೆದುರು ನಿಲ್ಲಿಸಿದ.

ಎಂಜಿನಿಯರ್ ಸಾಹೇಬರು ಕೂಲರಿಗೆ ಮುಖವೊಡ್ಡಿ ಎರಡನೇ ಲೋಟ ಶರಬತ್ತು ಕುಡಿಯುತ್ತಿದ್ದರು. ಅವರ ಮುಖದಲ್ಲಿ ಒಂದು ಹನಿ ಬೆವರಿರಲಿಲ್ಲ. ಅವರು ಗಡಿಯಾರ ನೋಡಿ ಹುಬ್ಬೇರಿಸಿದರು.

“ಇದು ನಿಮ್ಮ ಊರಿಗೆ ಕಡಿತದ ಹೊತ್ತಲ್ಲವೇ? ಫ್ಯಾನ್ ತಿರುಗುತ್ತಿದೆಯಲ್ಲ?”

ಗುರುವನ ಎದೆ ಹಗುರಾಯಿತು. ಬಾಗಿಲು ತಾನಾಗಿ ತೆರೆದಿತ್ತು. ನಿಜ ಹೇಳಿದರೆ ಮುಗಿಯಿತು. ಅವನು ಮೈಕು ಹಿಡಿದ. “ಸಾರ್, ಅದನ್ನೇ ಹೇಳುಕೆ ಬಂದದ್. ಈ ಫ್ಯಾನ್ ತಿರುಗುದ್...”

“ಹೇಳ್ ಮಾರಾಯ, ಹೇಳ್,” ಎಂದು ಮುಂದಿನ ಸಾಲಿನಿಂದ ಒಂದು ಮೆತ್ತಗಿನ ಸ್ವರ ಬಂತು. ಮರವಂತೆಯವರ ಮುಖಂಡ ಅಣ್ಣಯ್ಯ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. “ಬಾಡ್ಗಿ ಜನರೇಟರ್ ಅಂದ್ ಹೇಳುಕೆ ನಾಚ್ಕಿ ಎಂತಕೆ? ನೆಂಟ್ರ್ ಬಂದಾಗ ಆಚಿ ಮನಿಂದ ಲೋಟ ತಕಂಡ್ ಬಪ್ಪುದ್ ನಾವುಂದದರಿಗ್ ಹೊಸ್ತಾ?”

ಮರವಂತೆಯ ಸಾಲು ನಕ್ಕಿತು. ವನಜಕ್ಕ, ಸುಧೀರ, ಬಚ್ಚ, ಬಾಗಿಲ ಬಳಿ ಶರಬತ್ತಿನ ಕೊಡಪಾನ ಹಿಡಿದ ಗುಣವತಿ, ಎಲ್ಲರ ಕಣ್ಣು ಗುರುವನ ಮೇಲೆ. ಅವನ ಕಿವಿ ಕೆಂಪಾಯಿತು. ಐಸು, ಲೈನು, ಮಳೆಗಾಲದ ನಂತರದ ಬಾಗಿಲು, ಎಲ್ಲವೂ ಒಂದು ಕ್ಷಣ ತಲೆಯಿಂದ ಹಾರಿಹೋದವು.

“ಯಾರ್ ಹೇಳದ್ ಜನರೇಟರ್ ಅಂದ್?” ಗುರುವ ಗುಡುಗಿದ. “ಸಾರ್, ನಮ್ಮೂರಂಗೆ ಕರೆಂಟ್ ಹೋಪುದೇ ಇಲ್ಲೆ!”

ತಗಡಿನ ಮಾಡು ಹಾರುವಂತೆ ಚಪ್ಪಾಳೆ ಬಿತ್ತು. ಬಚ್ಚ ಕಣ್ಣೊರೆಸಿಕೊಂಡ.

ಅಣ್ಣಯ್ಯ ಎದ್ದು ಕೈಮುಗಿದ. ಈಗ ಅವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. “ಸಾರ್, ನಮ್ಮೂರಂಗೆ ಕರೆಂಟ್ ಬಂದದ್ದೇ ಗೊತ್ತಾತಿಲ್ಲೆ. ಬಡವರ್, ನಿಮ್ಮ ಧರ್ಮ.”

“ಸರಿ. ಇದರಲ್ಲಿ ಯೋಚನೆ ಮಾಡುವುದೇನೂ ಉಳಿಯಲಿಲ್ಲ,” ಎಂದರು ಸಾಹೇಬರು. “ಲೈನು ಮರವಂತೆಗೆ.”

ಚಪ್ಪಾಳೆಗಳು ಒಂದೊಂದಾಗಿ ನಿಂತವು. ಸಾಹೇಬರು ಅಷ್ಟಕ್ಕೇ ಬಿಡದೆ ಮೊಬೈಲು ತೆಗೆದು ಕಚೇರಿಗೆ ಮಾತಾಡಿದರು: “ನಾವುಂದದಲ್ಲಿ ಕಡಿತವನ್ನೇ ಮಾಡುತ್ತಿಲ್ಲವಂತಲ್ಲ, ಯಾರು ಹೀಗೆ ಬಿಟ್ಟದ್ದು? ಇವತ್ತಿನಿಂದ ಸಂಜೆಯೂ ಎರಡು ಗಂಟೆ ಕರೆಂಟು ತೆಗೆಯಿರಿ.”

ವನಜಕ್ಕ ಹಿಂದಿನಿಂದ ಗುರುವನ ಅಂಗಿ ಜಗ್ಗಿದಳು. “ಹೇಳ್ ಗುರುವ! ಜನರೇಟರ್ ಅಂದ್ ಈಗ್ಲಾದ್ರೂ ಹೇಳ್ ಮಾರಾಯ!”

ಗುರುವ ಬಾಯಿ ತೆರೆದ. ಎದುರಿಗೆ ಅಣ್ಣಯ್ಯ ಗುಣವತಿಯ ಶರಬತ್ತು ಹೀರುತ್ತ, ಲೋಟದ ಅಂಚಿನ ಮೇಲಿನಿಂದ ಅವನನ್ನೇ ನೋಡುತ್ತಿದ್ದ.

ಗುರುವ ಮೈಕನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ.

“ಎರಡ್ ಗಂಟಿ ಎಂತಕೆ ಸಾರ್, ಮೂರ್ ಗಂಟಿ ತೆಗಿರಿ. ನಾವುಂದದರ್ ತಡ್ಕಂತ್ರ್!”